ಗಲ್ಫ್ ಮೆಡಿಕಲ್‌ನ ಆ ಒಂದು ಟೆಸ್ಟ್ ಮತ್ತು ಬರೂಕ್ ಬ್ಲಂಬರ್ಗ್

ಗಲ್ಫಿಗೆ ಹೊರಟ ಹುಡುಗನ ಮೆಡಿಕಲ್‌ನಲ್ಲಿ ಎಚ್‌ಬಿಎಸ್‌ಎಜಿ ಪಾಸಿಟಿವ್ ಬಂದರೆ ಮುಗಿಯಿತು, ಅನ್‌ಫಿಟ್. ಹೆಪಟೈಟಿಸ್ ಬಿ ವೈರಸ್‌ನ ಹೊರಕವಚದ ಪ್ರೋಟೀನ್ ರಕ್ತದಲ್ಲಿದೆ ಎಂದು ಅದರ ಅರ್ಥ. ಈ ಪ್ರೋಟೀನನ್ನು ಮೊದಲು ಕಂಡವರು ಅಮೆರಿಕದ ಡಾ. ಬರೂಕ್ ಬ್ಲಂಬರ್ಗ್.

1925ರ ಜುಲೈ 28ರಂದು ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ, ಯಹೂದಿ ಕುಟುಂಬದಲ್ಲಿ ಅವರ ಜನನ. ನೌಕಾಪಡೆ, ಫಿಸಿಕ್ಸ್, ಗಣಿತ ಎಲ್ಲ ಆಗಿ, ಕೊನೆಗೆ ತಂದೆಯ ಮಾತಿನಂತೆ ಡಾಕ್ಟರಿಕೆ ಓದಿದರು. ಅವರು ಹುಡುಕುತ್ತಿದ್ದದ್ದು ಕಾಮಾಲೆಯ ವೈರಸ್ಸನ್ನೇ ಅಲ್ಲ! ಬೇರೆ ಬೇರೆ ಜನಾಂಗಗಳ ರಕ್ತದಲ್ಲಿ ಏನು ವ್ಯತ್ಯಾಸ ಎಂದು ನೋಡುತ್ತಿದ್ದರು. ಪದೇ ಪದೇ ರಕ್ತ ಪಡೆದಿದ್ದ ಹಿಮೋಫಿಲಿಯಾ ರೋಗಿಯೊಬ್ಬರ ಸೀರಂ, ಆಸ್ಟ್ರೇಲಿಯಾದ ಮೂಲನಿವಾಸಿಯೊಬ್ಬರ ರಕ್ತದಲ್ಲಿದ್ದ ಯಾವುದೋ ವಸ್ತುವನ್ನು ಹಿಡಿದುಕೊಂಡಿತು. ಅದಕ್ಕೆ ಆಸ್ಟ್ರೇಲಿಯಾ ಆ್ಯಂಟಿಜೆನ್ ಎಂದು ಹೆಸರಿಟ್ಟರು. ಮುಂದೆ ಅವರದೇ ಲ್ಯಾಬಿನ ಟೆಕ್ನಿಷಿಯನ್ ಒಬ್ಬರಿಗೆ ಹೆಪಟೈಟಿಸ್ ಬಂದಾಗ, ಮೊದಲು ನೆಗೆಟಿವ್ ಇದ್ದ ಅವರ ರಕ್ತದಲ್ಲೂ ಅದು ಸಿಕ್ಕಿತು. ಗುಟ್ಟು ಬಯಲಾಯಿತು. 1969ರಲ್ಲಿ ಇರ್ವಿಂಗ್ ಮಿಲ್ಮನ್ ಜೊತೆ ಲಸಿಕೆಯ ದಾರಿ ಕಂಡುಕೊಂಡರು, 1976ರಲ್ಲಿ ನೊಬೆಲ್.

ಆದರೆ ಈಗಾಗಲೇ ವೈರಸ್ ಹೊತ್ತವರಿಗೆ ಲಸಿಕೆಯಿಂದ ಏನೂ ಆಗದು, ಮದ್ದೇ ಬೇಕು. ಬನಿಯನ್ ಮಾಲು ತರಲು ತಿರುಪ್ಪೂರಿಗೆ ಹೋಗುವ ನಮ್ಮ ವ್ಯಾಪಾರಿಗಳು ಕೀಳಾನೆಲ್ಲಿ ಎಂಬ ಹೆಸರು ಕೇಳಿರಬಹುದು. ಕೊಯಮತ್ತೂರು ಕಡೆಯೂ ಕಾಮಾಲೆಗೆ ಅದೇ ಮದ್ದು. ನಮ್ಮ ನೆಲನೆಲ್ಲಿಯೇ ಅದು. ಮದ್ರಾಸಿನಲ್ಲಿ ತ್ಯಾಗರಾಜನ್ ತಂಡ ಇದನ್ನು ಲ್ಯಾಬಿಗೆ ತಂದಿತ್ತು. ನೊಬೆಲ್ ಪಡೆದ ಮನುಷ್ಯ ನಾಟಿ ಮದ್ದೆಂದು ಮೂಗು ಮುರಿಯಲಿಲ್ಲ. ಈ ವೈರಸ್ ಲ್ಯಾಬಿನಲ್ಲಿ ಸುಲಭಕ್ಕೆ ಬೆಳೆಯದು. ಹಾಗಾಗಿ ಬ್ಲಂಬರ್ಗ್, ವೆಂಕಟೇಶ್ವರನ್ ಮತ್ತು ಮಿಲ್ಮನ್ ವೈರಸ್‌ನ ಎಂಜೈಮ್ ಮೇಲೆ ಸೊಪ್ಪಿನ ಸಾರ ಹಾಕಿ ನೋಡಿದರು. ಎಂಜೈಮ್‌ನ ಕೆಲಸಕ್ಕೆ ತಡೆ ಬಿತ್ತು. ಆಮೇಲೆ ಇಂಥದೇ ವೈರಸ್ ಇರುವ ವುಡ್‌ಚಕ್ ಎಂಬ ಪ್ರಾಣಿಗಳಿಗೆ ಕೊಟ್ಟರು. ಫಲಿತಾಂಶ 1987ರಲ್ಲಿ ಪ್ರಕಟವಾಯಿತು. ಮರುವರ್ಷ ಮದ್ರಾಸಿನ ಪರೀಕ್ಷೆಯಲ್ಲಿ ಮದ್ದು ತಿಂದ 37 ಜನರಲ್ಲಿ 22 ಮಂದಿ ನೆಗೆಟಿವ್ ಆದರು. ಸುಮ್ಮನೆ ಗುಳಿಗೆ ತಿಂದ 23ರಲ್ಲಿ ಒಬ್ಬರು ಮಾತ್ರ. ಎಲ್ಲರಿಗೂ ಖುಷಿಯೋ ಖುಷಿ. ಆದರೆ 1990ರಲ್ಲಿ ಥಾಯ್ಲೆಂಡಿನ ಪರೀಕ್ಷೆಯಲ್ಲಿ ಮದ್ದು ಕೆಲಸ ಮಾಡಲಿಲ್ಲ. ಇಂದು ಡಾಕ್ಟರು ಬರೆಯುವುದು ಟೆನೊಫೊವಿರ್, ಎಂಟೆಕಾವಿರ್. ಅವೂ ವೈರಸ್ಸನ್ನು ಅದುಮಿಡುತ್ತವೆ, ಪೂರ್ತಿ ತೆಗೆಯುವುದು ಅಪರೂಪ.

2011ರ ಏಪ್ರಿಲ್ 5ರಂದು ಕ್ಯಾಲಿಫೋರ್ನಿಯಾದ ನಾಸಾ ಕೇಂದ್ರದಲ್ಲಿ ಭಾಷಣ ಮಾಡಿದ ಬೆನ್ನಿಗೇ ಬ್ಲಂಬರ್ಗ್ ತೀರಿಕೊಂಡರು. ಅವರು ಹುಟ್ಟಿದ ಜುಲೈ 28ನ್ನೇ ವಿಶ್ವ ಹೆಪಟೈಟಿಸ್ ದಿನವಾಗಿ ಆಚರಿಸುತ್ತಾರೆ.