ಅರ್ಧಚ್ಛೇದದ ಆಚಾರ್ಯ ವೀರಸೇನರು

ಷಟ್ಖಂಡಾಗಮಕ್ಕೆ ‘ಧವಲಾ’ ಎಂಬ ಮಹಾವ್ಯಾಖ್ಯಾನವನ್ನು ರಚಿಸಿದ ವೀರಸೇನಾಚಾರ್ಯರು ರಾಷ್ಟ್ರಕೂಟರ ಕಾಲದ ಜೈನಯತಿಗಳು. ಚಿತ್ರಕೂಟದಲ್ಲಿ ಏಲಾಚಾರ್ಯರ ಬಳಿ ಸಿದ್ಧಾಂತವನ್ನು ಅಭ್ಯಸಿಸಿದ ಅವರು ಈ ಕೃತಿಯನ್ನು 816ರಲ್ಲಿ ಮುಗಿಸಿದರೆಂಬುದು ಹಲವು ವಿದ್ವಾಂಸರ ಮತ. ಜೀವರಾಶಿಗಳ ಗಣನೆಗೆ ಬೃಹತ್ ಸಂಖ್ಯೆಗಳು ಬೇಕಾದುದರಿಂದ ಅವರು ಅರ್ಧಚ್ಛೇದವನ್ನು ಬಳಸಿದರು. ಒಂದು ಸಂಖ್ಯೆಯನ್ನು ಎಷ್ಟು ಬಾರಿ ಅರ್ಧಿಸಿದರೆ 1 ಉಳಿಯುವುದೋ ಅದೇ ಅದರ ಅರ್ಧಚ್ಛೇದ, 32ಕ್ಕೆ 5. ಗುಣಲಬ್ಧದ ಅರ್ಧಚ್ಛೇದವು ಗುಣಿಸಿದ ಸಂಖ್ಯೆಗಳ ಅರ್ಧಚ್ಛೇದಗಳ ಮೊತ್ತವೆಂಬುದನ್ನೂ ಅವರು ಬಲ್ಲರು. ಇಂದಿನ ಮಾತಿನಲ್ಲಿ ಇದು 2ನ್ನು ಆಧಾರವಾಗುಳ್ಳ ಲಾಗರಿತಮ್. ನೇಪಿಯರನ ಕೋಷ್ಟಕ ಹೊರಬಂದುದು 1614ರಲ್ಲಿ!

ಯಾವ ಸಂಖ್ಯೆಗಳಿಗೆ ಲಾಗರಿತಮ್ ಉಂಟು ಎಂಬ ಪ್ರಶ್ನೆ ಮೇಲ್ತರಗತಿಯ ಮಕ್ಕಳನ್ನು ಇಂದಿಗೂ ತೊಡಕಿಗೆ ಸಿಲುಕಿಸುತ್ತದೆ. ಅರ್ಧಿಸುವ ಈ ದಾರಿಯನ್ನು ಹಿಡಿದರೆ ಬಾಯಿಪಾಠ ಬೇಕಿಲ್ಲ. ಸೊನ್ನೆಯನ್ನು ಎಷ್ಟು ಅರ್ಧಿಸಿದರೂ ಸೊನ್ನೆಯೇ. ಋಣಸಂಖ್ಯೆ ಎಂದೂ 1ನ್ನು ಮುಟ್ಟದು. 1/8ನ್ನಾದರೋ ಮೂರು ಬಾರಿ ಇಮ್ಮಡಿಸಿ 1ಕ್ಕೆ ತರಬಹುದು. ಅದರ ಲಾಗರಿತಮ್ −3. ಆದ್ದರಿಂದ ಧನಸಂಖ್ಯೆಗಳಷ್ಟೇ ಅದರ ಕ್ಷೇತ್ರ. ಒಂದು ಸಂಖ್ಯೆಯಿಂದ 3ನ್ನು ಕಳೆದು ಲಾಗರಿತಮ್ ಕಾಣಬೇಕಾದರೆ ಆ ಸಂಖ್ಯೆ 3ಕ್ಕಿಂತ ದೊಡ್ಡದಿರಲೇಬೇಕು.

ಆಚಾರ್ಯರು ‘ಜಯಧವಲಾ’ವನ್ನು ಅರ್ಧದಲ್ಲೇ ಬಿಟ್ಟು ದಿವಂಗತರಾದರು, ಶಿಷ್ಯ ಜಿನಸೇನರು 837ರಲ್ಲಿ ಅದನ್ನು ಪೂರ್ಣಗೊಳಿಸಿದರು. ಧವಲಾದ ಹಳಗನ್ನಡ ಲಿಪಿಯ ತಾಳೆಗರಿಗಳು ಮೂಡಬಿದಿರೆಯ ಬಸದಿಯಲ್ಲಿ ಬಹುಕಾಲ ದರ್ಶನಕ್ಕೆ ದೊರೆತವೇ ಹೊರತು ಓದಿಗೆ ದೊರೆಯಲಿಲ್ಲ. ಮೊದಲ ಸಂಪುಟ ಅಚ್ಚಾದುದು 1939ರಲ್ಲಿ.