ಜೀವಕೋಶದ ಬಾಗಿಲನ್ನು ತೋರಿಸಿದ ಪಾಲ್ ಎರ್ಲಿಕ್

ವಿಷವಾಗಲಿ ವೈರಸ್ಸಾಗಲಿ ರಕ್ತದಲ್ಲಿ ತೇಲುತ್ತಿದ್ದ ಮಾತ್ರಕ್ಕೆ ನಮ್ಮ ಜೀವಕೋಶವನ್ನು ಕೆಡಿಸಲಾರದು. ಅದು ಮೊದಲು ಕೋಶವನ್ನು ಹಿಡಿದುಕೊಳ್ಳಬೇಕು. ಈ ವಿಚಾರಕ್ಕೆ ತಳಹದಿ ಹಾಕಿದವನು ಜರ್ಮನಿಯ ವಿಜ್ಞಾನಿ ಪಾಲ್ ಎರ್ಲಿಕ್.

ಎರ್ಲಿಕ್ ೧೮೫೪ನೆಯ ಮಾರ್ಚ್ ೧೪ರಂದು ಸೈಲೀಸಿಯ ಪ್ರಾಂತದ ಸ್ಟ್ರೇಲೆನ್ ಎಂಬ ಊರಿನಲ್ಲಿ ಜನಿಸಿದನು. ಆ ಊರು ಈಗ ಪೋಲೆಂಡಿಗೆ ಸೇರಿದೆ. ವೈದ್ಯ ವಿದ್ಯಾರ್ಥಿಯಾಗಿದ್ದಾಗಲೇ ಅವನಿಗೆ ಬಣ್ಣಗಳ ಹುಚ್ಚು. ಒಂದು ಬಣ್ಣ ಒಂದು ಬಗೆಯ ಕೋಶಕ್ಕೆ ಮಾತ್ರ ಅಂಟಿ, ಪಕ್ಕದ್ದನ್ನು ಬಿಟ್ಟುಬಿಡುವುದೇಕೆ ಎಂಬ ಪ್ರಶ್ನೆ ಅವನ ಜೀವನದ ದಾರಿಯನ್ನೇ ನಿರ್ಧರಿಸಿತು. ೧೮೭೮ರಲ್ಲಿ ಪದವಿ ಪಡೆದು, ಬರ್ಲಿನ್ನಿನ ಆಸ್ಪತ್ರೆಯಲ್ಲಿ ಬಣ್ಣಗಳ ಸಹಾಯದಿಂದ ರಕ್ತಕಣಗಳ ಬಗೆಗಳನ್ನು ವಿಂಗಡಿಸಿದನು. ನಡುವೆ ಕ್ಷಯರೋಗಕ್ಕೆ ತುತ್ತಾಗಿ ಈಜಿಪ್ಟಿಗೆ ಹೋಗಿ, ಚೇತರಿಸಿಕೊಂಡು ಮರಳಿದನು.

ಆ ಕಾಲದಲ್ಲಿ ಗಂಟಲಮಾರಿಗೆ, ಅಂದರೆ ಡಿಫ್ತೀರಿಯಕ್ಕೆ, ಅಸಂಖ್ಯ ಮಕ್ಕಳು ಬಲಿಯಾಗುತ್ತಿದ್ದರು. ಬೇರಿಂಗ್ ಎಂಬ ವಿಜ್ಞಾನಿ ಅದಕ್ಕೆ ಪ್ರತಿವಿಷದ ಸೀರಂ ಕಂಡುಹಿಡಿದಿದ್ದನು; ಆದರೆ ಒಂದು ಸಲದ ಸೀರಂ ಗುಣ ಕೊಟ್ಟರೆ ಇನ್ನೊಂದು ಸಲದ್ದು ನಿಷ್ಫಲವಾಗುತ್ತಿತ್ತು. ಅದರ ಶಕ್ತಿಯನ್ನು ಖಚಿತವಾಗಿ ಅಳೆಯುವ ಕ್ರಮವನ್ನು ಎರ್ಲಿಕ್ ರೂಪಿಸಿದನು. ೧೮೯೭ರಲ್ಲಿ ತನ್ನ ಸಿದ್ಧಾಂತವನ್ನೂ ಮಂಡಿಸಿದನು: ಜೀವಕೋಶದ ಮೇಲೆ ಕೊಂಡಿಗಳಂಥ ಗ್ರಾಹಕಗಳಿವೆ, ಬೀಗಕ್ಕೆ ಕೀಲಿಕೈ ಕೂಡುವಂತೆ ವಿಷವು ಅವಕ್ಕೆ ಕೂಡುತ್ತದೆ. ಇಂಥ ಕೊಂಡಿಗಳೇ ಹೇರಳವಾಗಿ ಬೆಳೆದು, ಕಳಚಿ ರಕ್ತಕ್ಕೆ ಬಂದು, ಪ್ರತಿಕಾಯಗಳಾಗಿ ವಿಷವನ್ನು ದೂರದಲ್ಲೇ ಹಿಡಿಯುತ್ತವೆ. ಸಿದ್ಧಾಂತದ ಕೆಲವು ವಿವರಗಳು ಮುಂದೆ ಬದಲಾದರೂ ಅದರ ತಿರುಳು ಉಳಿಯಿತು.

೧೯೦೮ರಲ್ಲಿ ಮೆಚ್ನಿಕಾಫ್‌ನೊಡನೆ ನೊಬೆಲ್ ಪಾರಿತೋಷಕ ದೊರೆಯಿತು. ಮರುವರ್ಷ ಜಪಾನಿನ ಹಾಟಾ ಎಂಬ ಸಹೋದ್ಯೋಗಿಯೊಡನೆ ಸಿಫಿಲಿಸ್ ರೋಗಕ್ಕೆ ‘೬೦೬’ ಎಂಬ ಮದ್ದನ್ನು ಗುರುತಿಸಿದನು. ೧೯೧೫ನೆಯ ಆಗಸ್ಟ್ ೨೦ರಂದು ಎರ್ಲಿಕ್ ಕಾಲವಾದನು.

ಪ್ರತಿಕಾಯವು ಶತ್ರುವನ್ನು ಹಿಡಿಯಬಲ್ಲದು, ಸರಿ. ಶತ್ರು ಹಿಡಿಯುವ ಕೊಂಡಿಯನ್ನೇ ಪ್ರತಿಕಾಯದಿಂದ ಮುಚ್ಚಿದರೆ? ಏಡ್ಸ್ ರೋಗದ ವೈರಸ್ ನಮ್ಮ ಬಿಳಿ ರಕ್ತಕಣದ ಮೇಲಿನ ಸಿಡಿ-೪ ಎಂಬ ಪ್ರೋಟೀನನ್ನು ಹಿಡಿದು ಒಳಗೆ ನುಗ್ಗುತ್ತದೆ. ೧೯೮೪ರಲ್ಲಿ ಬ್ರಿಟನ್ ಮತ್ತು ಫ್ರಾನ್ಸಿನ ವಿಜ್ಞಾನಿಗಳು ಆ ಪ್ರೋಟೀನಿಗೆ ಅಂಟುವ ಪ್ರತಿಕಾಯವನ್ನು ಪ್ರಯೋಗಶಾಲೆಯಲ್ಲಿ ಕಣಗಳಿಗೆ ಬೆರೆಸಿದಾಗ ವೈರಸ್ಸಿನ ದಾರಿ ಮುಚ್ಚಿತು. ೨೦೧೮ರಲ್ಲಿ ಅಮೆರಿಕವು ಒಪ್ಪಿಗೆ ಕೊಟ್ಟ ಇಬಾಲಿಜುಮ್ಯಾಬ್ ಎಂಬ ಔಷಧವೂ ಸಿಡಿ-೪ಕ್ಕೇ ಅಂಟಿಕೊಂಡು ವೈರಸ್ಸನ್ನು ಹೊರಗೆ ನಿಲ್ಲಿಸುತ್ತದೆ; ಕಣದ ಸಹಜ ಕೆಲಸಕ್ಕೆ ಅಡ್ಡಿಮಾಡದು. ಬೇರೆ ಮದ್ದುಗಳು ಸೋತ ರೋಗಿಗಳಿಗೆ ಅದು ಆಸರೆ.

ಬಣ್ಣವೇಕೆ ಅಂಟುತ್ತದೆಂದು ಒಬ್ಬ ವಿದ್ಯಾರ್ಥಿ ಕೇಳಿದ ಪ್ರಶ್ನೆ ನೂರಕ್ಕೂ ಹೆಚ್ಚು ವರ್ಷಗಳ ಬಳಿಕ ಪ್ರಾಣ ಉಳಿಸುವ ಮದ್ದಿಗೆ ದಾರಿಯಾಯಿತು. ವಿದ್ಯಾರ್ಥಿಗಳೇ, ಪ್ರಶ್ನೆ ಚಿಕ್ಕದೆಂದು ಕೇಳದೆ ಬಿಡಬೇಡಿರಿ.