ರಬ್ಬರಿಗೆ ಬದುಕು ಸವೆಸಿದ ಚಾರ್ಲ್ಸ್ ಗುಡ್‌ಇಯರ್

ಮಕ್ಕಳೇ, ಬೆಳ್ಳಾವಿಯ ರಸ್ತೆಯಲ್ಲಿ ತೆಂಗಿನಕಾಯಿ ಹೇರಿಕೊಂಡು ಹೋಗುವ ಟ್ರ್ಯಾಕ್ಟರ್ ಟ್ರೇಲರ್‌ಗಳನ್ನು ನೀವು ನೋಡಿರುತ್ತೀರಿ. ಟನ್‌ಗಟ್ಟಲೆ ಭಾರ ಹೊತ್ತ ಅವುಗಳ ಟೈರುಗಳು ಏಪ್ರಿಲ್ ಬಿಸಿಲಿಗೆ ಕಾದ ಡಾಂಬರಿನ ಮೇಲೆ ಉರುಳಿದರೂ ಕರಗುವುದಿಲ್ಲ. ಇನ್ನೂರು ವರ್ಷಗಳ ಹಿಂದಿನ ರಬ್ಬರಿಗೆ ಈ ಗುಣ ಇರಲಿಲ್ಲ. ಅದನ್ನು ತಂದುಕೊಟ್ಟವನು ಅಮೆರಿಕದ ಚಾರ್ಲ್ಸ್ ಗುಡ್‌ಇಯರ್.

ಈತ ಹುಟ್ಟಿದ್ದು 1800ರ ಡಿಸೆಂಬರ್ 29ರಂದು, ಕನೆಕ್ಟಿಕಟ್ ರಾಜ್ಯದ ನ್ಯೂ ಹೇವನ್‌ನಲ್ಲಿ. ತಂದೆಯದು ಕಬ್ಬಿಣದ ಸಾಮಾನು ಮತ್ತು ಬೇಸಾಯದ ಉಪಕರಣಗಳ ವ್ಯಾಪಾರ. ಮಗನೂ ಅದನ್ನೇ ಹಿಡಿದ. ವ್ಯಾಪಾರ ಮುಳುಗಿತು, ಸಾಲ ಬೆಳೆಯಿತು. ಸಾಲ ತೀರಿಸದವರನ್ನು ಆಗ ಜೈಲಿಗೆ ಹಾಕುತ್ತಿದ್ದರು. ಗುಡ್‌ಇಯರ್ ಹಲವು ಬಾರಿ ಜೈಲು ಕಂಡ.

1834ರಲ್ಲಿ ನ್ಯೂಯಾರ್ಕಿನ ರಬ್ಬರ್ ಅಂಗಡಿಯೊಂದರಲ್ಲಿ ಅವನಿಗೆ ರಬ್ಬರಿನ ಸಮಸ್ಯೆ ತಿಳಿಯಿತು. ರಬ್ಬರಿನ ಬೂಟು, ಕೋಟುಗಳು ಬೇಸಿಗೆಯಲ್ಲಿ ಹಲಸಿನ ಮೇಣದಂತೆ ಅಂಟುತ್ತಿದ್ದವು. ಚಳಿಗಾಲದಲ್ಲಿ ಗಡುಸಾಗಿ ಬಿರಿಯುತ್ತಿದ್ದವು. ಇದಕ್ಕೆ ಪರಿಹಾರ ಕಂಡುಹಿಡಿಯಲೇಬೇಕೆಂದು ಅವನು ನಿರ್ಧರಿಸಿದ. ಅವನು ರಸಾಯನಶಾಸ್ತ್ರ ಓದಿದವನಲ್ಲ. ಜೈಲಿನಲ್ಲಿದ್ದಾಗಲೇ ಹೆಂಡತಿಯ ಲಟ್ಟಣಿಗೆ ತರಿಸಿಕೊಂಡು ರಬ್ಬರನ್ನು ನಾದಿ, ಲಟ್ಟಿಸಿ ಪ್ರಯೋಗ ಮಾಡಿದ. ಸುಣ್ಣ, ಮೆಗ್ನೀಷಿಯಾ, ನೈಟ್ರಿಕ್ ಆಮ್ಲ, ಹೀಗೆ ಒಂದೊಂದನ್ನೇ ಬೆರೆಸಿ ನೋಡಿದ. ಸರ್ಕಾರಕ್ಕೆ ಮಾಡಿಕೊಟ್ಟ 150 ಅಂಚೆ ಚೀಲಗಳು ಬೇಸಿಗೆಯ ಶಾಖಕ್ಕೆ ಹಾಳಾದವು. ಮನೆಯಲ್ಲಿ ಊಟಕ್ಕೆ ತತ್ವಾರವಾಯಿತು. ಕೊನೆಗೆ ಮಕ್ಕಳ ಶಾಲಾ ಪುಸ್ತಕಗಳನ್ನೂ ಮಾರಬೇಕಾಯಿತು.

ರಬ್ಬರಿಗೆ ಗಂಧಕ ಬೆರೆಸುವುದನ್ನು ಅವನು ನಥಾನಿಯೆಲ್ ಹೇವರ್ಡ್ ಎಂಬಾತನಿಂದ ತಿಳಿದುಕೊಂಡ. 1839ರಲ್ಲಿ ವೂಬರ್ನ್ ಎಂಬ ಊರಿನಲ್ಲಿ ಗಂಧಕ ಬೆರೆಸಿದ ರಬ್ಬರು ಆಕಸ್ಮಿಕವಾಗಿ ಕಾದ ಒಲೆಗೆ ತಾಗಿತು. ಅದು ಕರಗಲಿಲ್ಲ, ತೊಗಲಿನಂತೆ ಗಟ್ಟಿಯಾಯಿತು! ಆದರೆ ಎಷ್ಟು ಗಂಧಕ, ಎಷ್ಟು ಶಾಖ, ಎಷ್ಟು ಹೊತ್ತು ಎಂಬುದನ್ನು ಗೊತ್ತುಮಾಡಲು ಇನ್ನೂ ಕೆಲವು ವರ್ಷ ಬೇಕಾಯಿತು. 1844ರ ಜೂನ್ 15ರಂದು ಅಮೆರಿಕದಲ್ಲಿ ಪೇಟೆಂಟ್ ದೊರೆಯಿತು.

ಗಂಧಕ ಮಾಡಿದ್ದೇನು? ರಬ್ಬರಿನ ಅಣುಗಳು ಶಾವಿಗೆ ಎಳೆಗಳಂತೆ ಉದ್ದ. ಕಾದಾಗ ಅವು ಒಂದರ ಮೇಲೊಂದು ಜಾರುತ್ತವೆ, ಆಗ ರಬ್ಬರು ಅಂಟಾಗುತ್ತದೆ. ಗಂಧಕದೊಡನೆ ಕಾಯಿಸಿದರೆ ಎಳೆ ಎಳೆಗಳ ನಡುವೆ ಗಂಧಕದ ಕೊಂಡಿ ಬೀಳುತ್ತದೆ. ಎಳೆದರೆ ಹಿಗ್ಗುತ್ತದೆ, ಬಿಟ್ಟರೆ ಮೊದಲಿನಂತಾಗುತ್ತದೆ. ಇದೇ ವಲ್ಕನೀಕರಣ. ರೋಮನ್ನರ ಅಗ್ನಿದೇವತೆ ವಲ್ಕನ್‌ನಿಂದ ಬಂದ ಈ ಪದ ಇಂದಿಗೂ ಪಂಕ್ಚರ್ ಅಂಗಡಿಗಳ ಫಲಕದಲ್ಲಿ ಕಾಣುತ್ತದೆ.

ಇಂಗ್ಲೆಂಡಿನಲ್ಲಿ ಥಾಮಸ್ ಹ್ಯಾನ್‌ಕಾಕ್ ಮೊದಲೇ ಪೇಟೆಂಟ್ ಪಡೆದಿದ್ದ. ಅಮೆರಿಕದಲ್ಲಿ ಗುಡ್‌ಇಯರ್ 1852ರಲ್ಲಿ ದೊಡ್ಡ ಮೊಕದ್ದಮೆ ಗೆದ್ದರೂ ಹಣ ಉಳಿಯಲಿಲ್ಲ. 1855ರಲ್ಲಿ ಪ್ಯಾರಿಸ್ಸಿನಲ್ಲಿ ಗೌರವ ಸಿಕ್ಕಿತು, ಸಾಲಕ್ಕಾಗಿ ಅಲ್ಲಿಯೂ ಜೈಲಾಯಿತು. 1860ರ ಜುಲೈ 1ರಂದು ತೀರಿಕೊಂಡಾಗ ಸುಮಾರು 2 ಲಕ್ಷ ಡಾಲರ್ ಸಾಲವಿತ್ತು. ಡನ್‌ಲಪ್ ಗಾಳಿ ತುಂಬಿದ ಟೈರಿಗೆ ಪೇಟೆಂಟ್ ಪಡೆದದ್ದು 1888ರಲ್ಲಿ. 1898ರಲ್ಲಿ ಶುರುವಾದ ಗುಡ್‌ಇಯರ್ ಕಂಪನಿ ಗೌರವಾರ್ಥ ಅವನ ಹೆಸರಿಟ್ಟುಕೊಂಡಿತಷ್ಟೇ, ಅವನ ಕುಟುಂಬದ್ದಲ್ಲ.

ಗಂಧಕದ ಕೊಂಡಿ ಹಾಕಿದ ರಬ್ಬರಿಗೂ ಮುಪ್ಪು ಉಂಟು. ಬಿಸಿಲು, ಆಮ್ಲಜನಕ ಮತ್ತು ಓಜೋನ್ ಅದನ್ನು ನಿಧಾನವಾಗಿ ಕೆಡಿಸುತ್ತವೆ. ಟ್ರೇಲರ್ ತಿಂಗಳುಗಟ್ಟಲೆ ಹೊಲದ ಬದಿಯಲ್ಲಿ ನಿಂತಿರುತ್ತದೆ. ಟೈರು ಸವೆದಿರುವುದಿಲ್ಲ, ಆದರೂ ಅದರ ಪಕ್ಕೆಯಲ್ಲಿ ಬಿರುಕು ಬಿಟ್ಟಿರಬಹುದು. ಭಾರ ಹೆಚ್ಚಾಗಿ ಗಾಳಿ ಕಡಿಮೆಯಾದರೆ ಟೈರು ಉರುಳುವಾಗ ಮತ್ತೆ ಮತ್ತೆ ಬಾಗಿ ಬಿಸಿಯೇರುತ್ತದೆ, ನಡುದಾರಿಯಲ್ಲಿ ಸಿಡಿಯುತ್ತದೆ. ಆಗ ಅಪಾಯ ಚಾಲಕನಿಗೆ ಮಾತ್ರವಲ್ಲ, ರಸ್ತೆ ಬದಿಯಲ್ಲಿ ಶಾಲೆಗೆ ನಡೆದು ಹೋಗುವ ನಿಮಗೂ ಇದೆ.

ಆದ್ದರಿಂದ ಮನೆಯವರು ಟ್ರೇಲರ್‌ಗೆ ಬೇರೆ ಟೈರು ತರುವಾಗ ಹೊಳಪು, ಬೆಲೆ ಎರಡನ್ನೇ ನೋಡಿದರೆ ಸಾಲದು. ಅಳತೆ ಸರಿಯಿರಬೇಕು. ಪಕ್ಕೆಯಲ್ಲಿ ಬರೆದಿರುವ ಭಾರದ ಮಿತಿ ಹೇರುವ ಸರಕಿಗೆ ಸಾಲಬೇಕು. ಒಂದೇ ಅಚ್ಚಿನ ಎರಡು ಬದಿಗೂ ಒಂದೇ ಬಗೆಯ ಟೈರು ಇರಬೇಕು. ತಯಾರಾದ ಕಾಲವನ್ನೂ ನೋಡಬೇಕು.

ಮಾಡಿ ನೋಡಿ: ದೊಡ್ಡವರೊಬ್ಬರನ್ನು ಜೊತೆಗೆ ಕರೆದುಕೊಂಡು, ನಿಲ್ಲಿಸಿರುವ ವಾಹನದ ಟೈರಿನ ಪಕ್ಕೆಯಲ್ಲಿ ನಾಲ್ಕು ಅಂಕಿಗಳ ಸಂಖ್ಯೆ ಹುಡುಕಿ. 1224 ಎಂದಿದ್ದರೆ ಅದು 2024ರ 12ನೇ ವಾರ ತಯಾರಾದ ಟೈರು. ಎರಡು ರಬ್ಬರ್ ಬ್ಯಾಂಡ್‌ಗಳಲ್ಲಿ ಒಂದನ್ನು ಬಿಸಿಲಿನಲ್ಲಿ, ಇನ್ನೊಂದನ್ನು ಕತ್ತಲೆಯ ಡಬ್ಬಿಯಲ್ಲಿ ಇಡಿ. ಕೆಲವು ವಾರಗಳ ನಂತರ ಎರಡನ್ನೂ ಎಳೆದು ನೋಡಿ. ವ್ಯತ್ಯಾಸವನ್ನು ಪುಸ್ತಕದಲ್ಲಿ ಬರೆದು ನಿಮ್ಮ ಶಿಕ್ಷಕರಿಗೆ ತೋರಿಸಿ.